ಉಬ್ಬನ್ನು ಮೊದಲಿನಂತೆ ಉಬ್ಬಿಸಿಕೊಡುವ ಬಗ್ಗೆ

ಮಾನ್ಯರೇ,

ನಮ್ಮ ಪಟ್ಟಣದ ಲೋಕೋಪಯೋಗಿ ಇಲಾಖೆಯ ನಿರ್ದೇಶಕರ ಕುರ್ಚಿಯಲ್ಲಿರುವ ತಮಗೆ ಹ್ಯಾಕ್‌ಬೆರಿ ಬೀದಿಯ ಒಬ್ಬ ಕಲ್ಲು ಹಾಸುವವನ ನಮಸ್ಕಾರ. ಕಳೆದ ವಾರ ತಮ್ಮ ಆದೇಶ ಕೈಸೇರಿತು. ನನ್ನ ಮನೆಯ ಮುಂದಿನ ಸಾರ್ವಜನಿಕ ಕಾಲುದಾರಿಯಲ್ಲಿ ಅನುಮತಿಯಿಲ್ಲದೆ ಹಾಸಿರುವ ಪೇವರ್ ಕಲ್ಲುಗಳನ್ನು ಈ ತಿಂಗಳು ಮುಗಿಯುವುದರೊಳಗೆ ಕಿತ್ತು, ‘ಕಾಲುದಾರಿಯನ್ನು ಅದರ ಮೂಲ ಸ್ಥಿತಿಗೆ ಮರಳಿಸತಕ್ಕದ್ದು’ ಎಂದು ಅದರಲ್ಲಿದೆ. ನಾನು ಕಾನೂನಿಗೆ ತಲೆಬಾಗುವವನು, ಮರಳಿಸುತ್ತೇನೆ. ಆದರೆ ಅಲ್ಲಿ ಮೊದಲಿದ್ದದ್ದು ಎರಡು ತುಂಡಾದ ಒಂದು ಕಾಂಕ್ರೀಟ್ ಚಪ್ಪಡಿ. ಮೇಪಲ್ ಮರದ ಬೇರಿನ ಮೇಲೆ ಕುಳಿತು, ಬೊಗಳಲು ಹೊರಟ ನಾಯಿಯ ಹಾಗೆ ಮೂತಿ ಎತ್ತಿಕೊಂಡಿತ್ತು. ಆ ಮೂತಿಯನ್ನು ಎಷ್ಟು ಎತ್ತರಕ್ಕೆ ಎತ್ತಿಕೊಡಲಿ? ಬಿರುಕು ನೇರವಾಗಿರಬೇಕೋ, ಸೊಟ್ಟಗಿದ್ದರೂ ಇಲಾಖೆಗೆ ಒಪ್ಪಿಗೆಯೋ? ಬಿರುಕಿನಲ್ಲಿ ಬೆಳೆದಿದ್ದ ಹುಲ್ಲನ್ನು ನಾನೇ ನೆಡಬೇಕೋ, ಅದು ತಾನಾಗಿ ಬರುವವರೆಗೆ ಕಾಯಬಹುದೋ? ನೆಲವನ್ನು ಮಟ್ಟ ಮಾಡಿ ಹೊಟ್ಟೆ ಹೊರೆದು ಮುದುಕನಾದ ನನಗೆ, ಮಟ್ಟವಾದ ನೆಲವನ್ನು ಹದವಾಗಿ ಕೆಡಿಸುವ ವಿದ್ಯೆ ತಿಳಿಯದು. ದಯವಿಟ್ಟು ಒಂದು ನಕ್ಷೆ ಕಳಿಸಿಕೊಡಿ.

ಈ ಪತ್ರವನ್ನು ತಮಗೆ ಅಂಚೆಯಲ್ಲಿ ಕಳಿಸದೆ ಊರಿನ ವಾರಪತ್ರಿಕೆಯಲ್ಲಿ ಅಚ್ಚು ಹಾಕಿಸಿದ್ದಕ್ಕೆ ಕ್ಷಮೆಯಿರಲಿ. ಈ ಕಥೆಯಲ್ಲಿ ಪೆದ್ದನಾದವನು ನಾನೊಬ್ಬನೇ. ನಾನು ಹೇಳದಿದ್ದರೆ ಬೇರೆಯವರು ಇನ್ನಷ್ಟು ಸೇರಿಸಿ ಹೇಳುತ್ತಾರೆ. ಆಗಲೇ ಹೇಳುತ್ತಿದ್ದಾರೆ.

ನನ್ನ ಕಸುಬನ್ನು ತಾವು ಬಲ್ಲಿರಿ. ಈ ಊರಿನ ಅರ್ಧಕ್ಕರ್ಧ ಹಿತ್ತಿಲ ಅಂಗಳಗಳು, ಕಾರು ನಿಲ್ಲಿಸುವ ದಾರಿಗಳು ನನ್ನ ಮೊಣಕಾಲು ಸವೆಸಿ ಆದವು. ಬಗೆದು, ಜಲ್ಲಿ ತುಂಬಿ, ಯಂತ್ರದಿಂದ ದಿಮ್ಮಿಸಿ, ಮರಳು ಹರಡಿ, ದಾರ ಹಿಡಿದು, ರಸಮಟ್ಟ ಇಟ್ಟು, ನೀರು ಮನೆಯ ಕಡೆಗೆ ಹರಿಯದಂತೆ ವಾಟ ಕೊಟ್ಟು, ಒಂದೊಂದೇ ಕಲ್ಲು ಕೂರಿಸಿ ರಬ್ಬರ್ ಸುತ್ತಿಗೆಯಿಂದ ತಟ್ಟುವ ಕೆಲಸ. ಇಂಥವನ ಮನೆಯ ಮುಂದೆಯೇ ಊರಿನ ಅತಿ ಕೆಟ್ಟ ಕಾಲುದಾರಿ ಇತ್ತು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ನೀರಿನ ಬಾನಿಯಲ್ಲಿ ಬಿದ್ದಿತಂತೆ. ಆ ಹಲ್ಲಿಗಾದರೂ ಬಾನಿ ಯಾರದೆಂಬ ಚಿಂತೆ ಇರಲಿಲ್ಲ. ನನಗಿತ್ತು. ಮರ ಪಟ್ಟಣದ್ದು, ಬೇರು ಪಟ್ಟಣದ್ದು, ಚಪ್ಪಡಿ ಪಟ್ಟಣದ್ದು. ಹಿಂದೊಮ್ಮೆ ತಮ್ಮ ಕಚೇರಿಗೆ ಫೋನ್ ಮಾಡಿ ‘ನಾನೇ ಸರಿಮಾಡಿಕೊಡಲೇ?’ ಎಂದು ಕೇಳಿದ್ದೆ. ಮುಟ್ಟಕೂಡದು, ಅದು ಸಾರ್ವಜನಿಕ ಆಸ್ತಿ, ಸರದಿಯಲ್ಲಿದೆ ಎಂದರು. ಮುಟ್ಟಲಿಲ್ಲ. ಸರದಿ ಎಷ್ಟು ಉದ್ದ ಎಂದು ಕೇಳುವ ಧೈರ್ಯವೂ ಆಗಲಿಲ್ಲ.

ಇಲಾಖೆ ಏನೂ ಮಾಡಲಿಲ್ಲ ಎಂದರೆ ನಾಲಗೆ ಸುಳ್ಳಾಡಿದಂತೆ. ಪ್ರತಿ ವಸಂತಕ್ಕೂ ತಮ್ಮ ಕಡೆಯವರೊಬ್ಬರು ಬಂದು, ಎಡವುವ ಅಂಚಿಗೆ ಕಿತ್ತಳೆ ಬಣ್ಣ ಸಿಂಪಡಿಸಿ ಹೋಗುತ್ತಿದ್ದರು, ಹಬ್ಬಕ್ಕೆ ಹೊಸ್ತಿಲಿಗೆ ಬಣ್ಣ ಹಚ್ಚಿದ ಹಾಗೆ. ಹಿಮ ಕರಗುವಷ್ಟರಲ್ಲಿ ಬಣ್ಣ ಮಾಸುತ್ತಿತ್ತು, ಮತ್ತೆ ಹೊಸದು ಬರುತ್ತಿತ್ತು. ಬೇರು ಮಾತ್ರ ಬಣ್ಣಕ್ಕೆ ಹೆದರದೆ ಬೆಳೆಯುತ್ತಿತ್ತು. ಒಮ್ಮೆ ಒಬ್ಬ ಗಿರಾಕಿಯನ್ನು ಮನೆಗೆ ಕರೆತಂದು, ನನ್ನ ಹಿತ್ತಿಲ ಅಂಗಳ ತೋರಿಸಿ, ಅವರ ಕಾರಿನವರೆಗೆ ಬೀಳ್ಕೊಡಲು ಹೊರಟಿದ್ದೆ. ‘ನಾನು ಹಾಸಿದ ಕಲ್ಲಿನ ಮೇಲೆ ಇವತ್ತಿನವರೆಗೂ ಒಬ್ಬರೂ ಎಡವಿಲ್ಲ ನೋಡಿ’ ಎನ್ನುತ್ತ ಅವರ ಮುಖವನ್ನೇ ನೋಡಿಕೊಂಡು ನಡೆದವನು, ಆ ಕಿತ್ತಳೆ ಅಂಚಿಗೆ ಬೂಟು ತಾಗಿ ಅವರ ಕಾಲ ಬುಡದಲ್ಲಿ ಉದ್ದಂಡ ನಮಸ್ಕಾರ ಹಾಕಿದೆ. ನಾನು ಎಡವಿದ್ದು ನನ್ನ ಕಲ್ಲಿನ ಮೇಲಲ್ಲ ಎಂಬುದು ನಿಜ. ಆದರೆ ಮೂಗಿನಿಂದ ರಕ್ತ ಸುರಿಯುವಾಗ ಈ ವ್ಯತ್ಯಾಸವನ್ನು ವಿವರಿಸುವುದು ಕಷ್ಟ. ಅವರು ತಮ್ಮ ಅಂಗಳಕ್ಕೆ ಹುಲ್ಲು ಹಾಕಿಸಿಕೊಂಡರು.

ನಾನು ಬಿದ್ದದ್ದು ನಗೆಯಾಯಿತು. ಮಿಸೆಸ್ ಓಡೆಸ್ಸಾ ಟಿಲ್ಮನ್ ಬಿದ್ದದ್ದು ನಗೆಯಾಗಲಿಲ್ಲ.

ಮಿಸೆಸ್ ಟಿಲ್ಮನ್ ನಮ್ಮ ಬೀದಿಯ ಹಿರಿಯರು. ತಮಗೆ ಗೊತ್ತಿರದಿದ್ದರೆ ತಮ್ಮ ಸಿಬ್ಬಂದಿಯನ್ನು ಕೇಳಿ. ಅವರಲ್ಲಿ ಹಲವರನ್ನು ಶಾಲೆಗೆ ಮುಟ್ಟಿಸಿದ ಬಸ್ಸು ಆಕೆಯದೇ. ನಾನು ಹುಟ್ಟಿ ಬೆಳೆದದ್ದು ಊರಾಚೆಯ ಹೊಲಮನೆಯಲ್ಲಿ. ಆಕೆಯ ಬಸ್ಸಿಗೆ ನಮ್ಮ ಗೇಟೇ ಕೊನೆಯ ನಿಲ್ದಾಣ. ಆದ್ದರಿಂದ ತಲೆ ಬೋಳಾದ ಮೇಲೂ ಆಕೆಗೆ ನಾನು ‘ಕೊನೇ ಸ್ಟಾಪು’. ಈಗ ಆಕೆ ನಡೆಯುವುದು ನಾಲ್ಕು ಕಾಲಿನ ವಾಕರ್ ಹಿಡಿದು. ಪ್ರತಿ ಗುರುವಾರ ಮಧ್ಯಾಹ್ನ, ಬೀದಿಯ ತುದಿಯಲ್ಲಿರುವ ಅರ್ಡೆಲ್ ಎಂಬಾಕೆಯ ಮನೆಗೆ ಯೂಕರ್ ಇಸ್ಪೀಟಾಡಲು ಹೊರಡುತ್ತಿದ್ದರು. ಅರ್ಡೆಲ್, ಅವಳ ಗಂಡ ವರ್ಜಿಲ್, ನನ್ನ ಹೆಂಡತಿ ನೋರೀನ್, ಮಿಸೆಸ್ ಟಿಲ್ಮನ್: ನಾಲ್ಕು ಕೈ. ಯೂಕರಿಗೆ ನಾಲ್ಕು ಕೈ ಬೇಕೇ ಬೇಕು. ಓಹಾಯೋದಲ್ಲಿರುವ ತಮಗೆ ಇದನ್ನು ನಾನು ಹೇಳಬೇಕಿಲ್ಲ.

ಎರಡು ವರ್ಷದ ಹಿಂದಿನ ಶರತ್ಕಾಲ. ಉದುರಿದ ಎಲೆಗಳು ಇಲಾಖೆಯ ಕಿತ್ತಳೆ ಬಣ್ಣವನ್ನು ಮುಚ್ಚಿಬಿಟ್ಟಿದ್ದವು. ಎಲೆಗಳೂ ಕಿತ್ತಳೆ ಬಣ್ಣದವೇ. ವಾಕರಿನ ಮುಂಗಾಲು ಅಂಚಿಗೆ ಸಿಕ್ಕಿ ಆಕೆ ಬಿದ್ದರು. ಮಣಿಕಟ್ಟು ಮುರಿಯಿತು. ನೋರೀನ್ ಓಡಿಹೋಗಿ ಎತ್ತಿದಾಗ ಆಕೆ ಹೇಳಿದ್ದು, ‘ಬಸ್ಸಿಗೆ ಬ್ರೇಕಾದ್ರೂ ಇತ್ತು ಕಣೇ, ಈ ದರಿದ್ರ ವಾಕರಿಗೆ ಅದೂ ಇಲ್ಲ.’ ನಾನು ಆ ಹೊತ್ತಿನಲ್ಲಿ ಬೇರೊಬ್ಬರ ಹಿತ್ತಿಲಲ್ಲಿ, ಅವರ ನಾಯಿ ಮಲಗುವ ಜಾಗ ಮಟ್ಟವಾಗಿದೆಯೇ ಎಂದು ರಸಮಟ್ಟ ಇಟ್ಟು ನೋಡುತ್ತಿದ್ದೆ.

ಮಣಿಕಟ್ಟು ಕೂಡಿಕೊಂಡಿತು, ಧೈರ್ಯ ಕೂಡಿಕೊಳ್ಳಲಿಲ್ಲ. ಆಕೆ ನಡೆಯುವುದನ್ನು ಬಿಟ್ಟರು. ಆಟವನ್ನು ಆಕೆಯ ಮನೆಗೇ ಒಯ್ಯೋಣವೆಂದರೆ ವರ್ಜಿಲ್ ಆಮ್ಲಜನಕದ ಯಂತ್ರಕ್ಕೆ ನಳಿಗೆ ಕಟ್ಟಿಕೊಂಡವನು. ನಳಿಗೆ ಎಷ್ಟು ಉದ್ದವೋ ಅವನ ಲೋಕವೂ ಅಷ್ಟೇ. ಕಾರಿನಲ್ಲಿ ಕರೆದೊಯ್ಯುತ್ತೇನೆಂದು ನಾನು ಹೇಳಿದರೆ ಆಕೆ, ‘ಈ ಊರಿನ ಮಕ್ಕಳನ್ನೆಲ್ಲ ನಾನು ಹೊತ್ತಿದ್ದೀನಿ. ನಾಲ್ಕು ಮನೆ ದಾಟೋಕೆ ಕೊನೇ ಸ್ಟಾಪಿನವನ ಕಾರು ಹತ್ತಲಾ? ಹೋಗೋ’ ಎಂದು ಬಾಗಿಲು ಹಾಕಿಕೊಂಡರು. ಆದರೂ ಗುರುವಾರ ಮಧ್ಯಾಹ್ನವಾದರೆ ತಲೆ ಬಾಚಿ, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ತಮ್ಮ ಜಗಲಿಯಲ್ಲಿ ಕೂರುತ್ತಿದ್ದರು. ಎಲ್ಲಿಗೋ ಹೊರಟವರ ಹಾಗೆ. ಎಲ್ಲಿಗೂ ಹೊರಡುತ್ತಿರಲಿಲ್ಲ.

ಇಷ್ಟು ಓದಿ ತಾವು ನನ್ನನ್ನು ಪರೋಪಕಾರಿ ಎಂದು ತಿಳಿದರೆ ಅದು ಪತ್ರಿಕೆಯ ಓದುಗರಿಗೆ ಮೋಸವಾಗುತ್ತದೆ. ನಡೆದದ್ದು ಬೇರೆ. ನಾಲ್ಕನೆಯ ಕೈ ಇಲ್ಲವೆಂದು ಆ ಕುರ್ಚಿಗೆ ನನ್ನನ್ನು ಎಳೆದು ಕೂರಿಸಿದರು. ನನಗೆ ಇಸ್ಪೀಟು ಬಾರದು. ಬೆರಳುಗಳು ಕಲ್ಲು ಹಿಡಿದು ಹಿಡಿದು ಎಷ್ಟು ದಪ್ಪಗಾಗಿವೆಯೆಂದರೆ, ಒಂದು ಎಲೆ ಎಳೆದರೆ ಮೂರು ಉದುರುತ್ತವೆ. ಅದಕ್ಕಿಂತ ದೊಡ್ಡ ದೋಷ, ಯಾವ ಎಲೆ ಯಾರದೆಂದು ನನಗೆ ನೆನಪಿರುವುದಿಲ್ಲ.

‘ಲೈಲ್, ಅದು ನಿನ್ನ ಜೊತೆಗಾರಳ ಎಕ್ಕ ಕಣೋ’ ಎನ್ನುತ್ತಿದ್ದಳು ಅರ್ಡೆಲ್. ‘ನೀನು ತುರುಪು ಹಾಕಿ ನಿನ್ನ ಹೆಂಡ್ತೀನೇ ಹೊಡೆದೆ.’

‘ಮೂವತ್ತೈದು ವರ್ಷದಿಂದ ಹಂಗೇ ಆಡ್ತಿರೋದು ಬಿಡು’ ಎನ್ನುತ್ತಿದ್ದಳು ನೋರೀನ್.

ವರ್ಜಿಲ್ ಮೂಗಿನ ನಳಿಗೆ ಸರಿಮಾಡಿಕೊಂಡು, ‘ಅವನ ಕೈಗೆ ಕಲ್ಲು ಕೊಡ್ರೇ, ಎಲೆ ಕೊಡಬೇಡಿ. ನಂಗೆ ಮೊದಲೇ ಉಸಿರಿಲ್ಲ, ನಗೋಕಾಗಲ್ಲ’ ಎನ್ನುತ್ತಿದ್ದ.

ಎರಡು ಚಳಿಗಾಲ ಈ ಶಿಕ್ಷೆ ಅನುಭವಿಸಿದೆ. ಕೊನೆಗೆ ಈ ಏಪ್ರಿಲಿನ ಒಂದು ಗುರುವಾರ, ಗುಲಾಮನನ್ನು ರಾಜನೆಂದು ತಿಳಿದು ಎಸೆದು ಬೈಸಿಕೊಂಡು ಮನೆಗೆ ನಡೆಯುತ್ತಿದ್ದಾಗ, ಉಬ್ಬಿನ ಪಕ್ಕದಲ್ಲಿ ನಿಂತೆ. ಹೊಸ ಕಿತ್ತಳೆ ಬಣ್ಣ ಇನ್ನೂ ಒಣಗಿರಲಿಲ್ಲ. ಆಚೆಗೆ ನೋಡಿದರೆ ಮಿಸೆಸ್ ಟಿಲ್ಮನ್ ಜಗಲಿಯಲ್ಲಿ ಕೈಚೀಲ ಹಿಡಿದು ಕುಳಿತಿದ್ದರು. ನನ್ನನ್ನು ಕಂಡು ಕೈ ಎತ್ತಲಿಲ್ಲ. ಮುಖ ಬೇರೆ ಕಡೆ ತಿರುಗಿಸಿದರು. ಬೈಗುಳವನ್ನು ನಾನು ಎಷ್ಟು ಬೇಕಾದರೂ ತಿನ್ನಬಲ್ಲೆ. ಅದೊಂದನ್ನು ನುಂಗಲಾಗಲಿಲ್ಲ.

ಭಾನುವಾರ ಬೆಳಿಗ್ಗೆ, ಬೀದಿಯೆಲ್ಲ ಚರ್ಚಿಗೆ ಹೋದ ಮೇಲೆ, ಹಾರೆ ತೆಗೆದೆ. ಭಾನುವಾರ ಕೆಲಸ ಮಾಡಕೂಡದು, ಬಾವಿಗೆ ಬಿದ್ದ ಎತ್ತನ್ನು ಮೇಲೆತ್ತುವುದೊಂದನ್ನು ಬಿಟ್ಟು, ಎನ್ನುತ್ತಿದ್ದಳು ನನ್ನ ಅಜ್ಜಿ. ಇದು ಎತ್ತಿನ ಲೆಕ್ಕಕ್ಕೇ ಸೇರಿತು ಎಂದುಕೊಂಡೆ. ಚಪ್ಪಡಿಯ ತುಂಡುಗಳನ್ನು ಯಂತ್ರದಿಂದ ಎತ್ತಿದೆ. ಬೇರಿಗೆ ಕೊಡಲಿ ತಾಗಿಸಲಿಲ್ಲ, ಮರ ಪಟ್ಟಣದ್ದಲ್ಲವೇ. ಅದರ ಎರಡೂ ಮಗ್ಗುಲಿಗೆ ಬಗೆದು, ಜಲ್ಲಿಗೆ ಮಣ್ಣು ಬೆರೆಯದಂತೆ ಬಟ್ಟೆ ಹಾಸಿ, ಜಲ್ಲಿ ತುಂಬಿ ದಿಮ್ಮಿಸಿ, ಏರನ್ನು ಆಚೆ ಈಚೆ ಉದ್ದಕ್ಕೆ ಹಂಚಿ, ಒಂಟೆಯ ಡುಬ್ಬವನ್ನು ಆಮೆಯ ಬೆನ್ನು ಮಾಡಿದೆ. ಮೇಲೆ ಪೇವರ್. ಹೊಸ ಕಲ್ಲು ಕೊಳ್ಳಲು ಅಂದು ಅಂಗಡಿ ತೆರೆದಿರಲಿಲ್ಲ. ಶೆಡ್ಡಿನಲ್ಲಿದ್ದ ಹಳೆಯ ಕೆಲಸಗಳ ಉಳಿಕೆಯನ್ನೇ ಹಾಸಿದೆ. ದಂತವೈದ್ಯರ ಅಂಗಳದ ಬೂದು ಕಲ್ಲು, ಐಸ್‌ಕ್ರೀಮ್ ಅಂಗಡಿಯ ಕೆಂಪು, ಚರ್ಚಿನ ಹಾದಿಯ ಕಂದು, ಹೆಣ ಸಿಂಗರಿಸುವ ಫ್ಯೂನರಲ್ ಹೋಮಿನ ಕಪ್ಪು. ಚರ್ಚು ಬಿಡುವುದರೊಳಗೆ ಮುಗಿಸುವ ಅವಸರದಲ್ಲಿ ದಾರ ಹಿಡಿಯಲಿಲ್ಲ. ಆದ್ದರಿಂದ ಎಡಗಡೆಯ ಅಂಚು ಕುಡಿದು ಮನೆಗೆ ಹೋಗುವವನ ಹೆಜ್ಜೆಯಂತಿದೆ. ತಮ್ಮ ಆದೇಶದಲ್ಲಿ ಆ ಅಂಚಿನ ಬಗ್ಗೆ ಒಂದು ಮಾತೂ ಇಲ್ಲ. ಅದನ್ನು ಬರೆದಿದ್ದರೆ ನನ್ನ ಬಳಿ ಉತ್ತರವೇ ಇರುತ್ತಿರಲಿಲ್ಲ.

ಇನ್ನು ನನ್ನ ಜಾಣತನದ ಮುಖ್ಯ ಭಾಗಕ್ಕೆ ಬರುತ್ತೇನೆ.

ನಮ್ಮ ಕಸುಬಿನಲ್ಲಿ ಒಂದು ರೂಢಿಯಿದೆ. ಕೆಲಸ ಮುಗಿದು, ಜೋಡಣೆಗೆ ಮರಳು ಗುಡಿಸಿ, ನೀರು ಚಿಮುಕಿಸಿದ ಮೇಲೆ ಪಕ್ಕದ ಹುಲ್ಲಿನಲ್ಲಿ ನಮ್ಮ ಹೆಸರಿನ ಪುಟ್ಟ ಬೋರ್ಡು ನೆಟ್ಟು ಬರುತ್ತೇವೆ. ಕೈ ತನಗೆ ತಾನೇ ಮಾಡುವ ಕೆಲಸ ಅದು, ಊಟವಾದ ಮೇಲೆ ಬಾಯಿ ಒರೆಸಿಕೊಂಡಂತೆ. ಆ ಭಾನುವಾರವೂ ಕೈ ಅದನ್ನೇ ಮಾಡಿತು. ಪಟ್ಟಣದ ನೆಲದಲ್ಲಿ, ಅನುಮತಿಯಿಲ್ಲದ ಕೆಲಸದ ಪಕ್ಕದಲ್ಲಿ, ‘ಹಾಸ್ಟೆಟ್ಲರ್ ಕಲ್ಲುಹಾಸು: ಇದು ನಮ್ಮ ಕೆಲಸ, ನಮಗೇ ಫೋನ್ ಮಾಡಿ’ ಎಂಬ ಬೋರ್ಡು. ಕೆಳಗೆ ದಪ್ಪಕ್ಷರದಲ್ಲಿ ನಂಬರು. ಕನ್ನ ಕೊರೆದ ಕಳ್ಳ ಗೋಡೆಯ ಮೇಲೆ ವಿಳಾಸ ಬರೆದು ಹೋದದ್ದನ್ನು ನಾನು ಕಥೆಯಲ್ಲೂ ಕೇಳಿಲ್ಲ.

ಮಂಗಳವಾರ ಟ್ರಕ್ಕಿನಲ್ಲಿ ಕುಳಿತು ಸ್ಯಾಂಡ್‌ವಿಚ್ ತಿನ್ನುತ್ತಿದ್ದಾಗ ಫೋನು ಬಂತು. ಮೃದುವಾದ ಹೆಣ್ಣು ದನಿ.

‘ಹ್ಯಾಕ್‌ಬೆರಿ ಬೀದೀಲಿ ಫುಟ್‌ಪಾತಿಗೆ ಕಲ್ಲು ಹಾಸಿರೋದು ನೀವೇನಾ?’

‘ನಾನೇ ಮೇಡಂ. ಖುದ್ದು ನಾನೇ. ನೋಡಿದ್ರಾ, ಬೇರಿನ ಮೇಲೆ ಹೆಂಗೆ ಕೂತಿದೆ? ಕಾಂಕ್ರೀಟ್ ಆಗಿದ್ರೆ ಇನ್ನೆರಡು ವರ್ಷಕ್ಕೆ ಮತ್ತೆ ಒಡೀತಿತ್ತು. ಇದು ಹಂಗಲ್ಲ. ಬೇರು ಎದ್ರೆ ನಾಲ್ಕು ಕಲ್ಲು ತೆಗೆದು, ಮರಳು ಸರಿಮಾಡಿ ಮತ್ತೆ ಇಟ್ರಾಯ್ತು.’

‘ಚೆನ್ನಾಗಿದೆ. ಪಟ್ಟಣದಿಂದ ಪರ್ಮಿಟ್ಟು ತಗೊಂಡಿದ್ರಾ?’

‘ಅಯ್ಯೋ, ಆ ಆಫೀಸಿನ ಸುದ್ದಿ ಎತ್ತಬೇಡಿ ಮೇಡಂ. ಅಲ್ಲಿ ಅರ್ಜಿ ಕೊಟ್ರೆ ಬೇರಿರಲಿ, ಮರಾನೇ ಮುದಿಯಾಗಿ ಬೀಳುತ್ತೆ. ಭಾನುವಾರ ಎಲ್ಲ ಚರ್ಚಿಗೆ ಹೋಗಿದ್ದಾಗ ಮಾಡಿ ಮುಗಿಸಿದೆ. ಯಾರಿಗೂ ಗೊತ್ತಿಲ್ಲ.’

‘ಸರಿ. ನಾನು ಆ ಆಫೀಸಿನಿಂದಲೇ ಮಾತಾಡ್ತಿರೋದು.’

ಸ್ಯಾಂಡ್‌ವಿಚ್ಚನ್ನು ಪಕ್ಕದ ಸೀಟಿನ ಮೇಲಿಟ್ಟೆ. ಏನಾದರೂ ಹೇಳಬೇಕಲ್ಲ ಎಂದು, ‘ಹಾಗಾದ್ರೆ ಮೇಡಂ, ನಿಮ್ಮ ಮನೇಲಿ ಅಂಗಳ ಮಾಡಿಸೋದು ಏನಾದ್ರೂ...’ ಎಂದೆ.

‘ಇಲ್ಲ, ನಮ್ಮನೆ ಅಂಗಳ ಚೆನ್ನಾಗಿದೆ. ನಿಮ್ಮ ವಿಳಾಸ ಹೇಳ್ತೀರಾ?’

‘ಆ ಬೋರ್ಡಿದೆಯಲ್ಲ, ಅದರ ಹಿಂದಿನ ಮನೆ.’

ಫೋನ್ ಮಾಡಿದ ತಮ್ಮ ಇನ್‌ಸ್ಪೆಕ್ಟರ್ ನಗಲಿಲ್ಲ. ಅದು ಅವರ ದೊಡ್ಡತನ. ಅವರ ಮೇಲೆ ನನ್ನದೇನೂ ದೂರಿಲ್ಲ. ಕಳ್ಳನೇ ಮನೆಗೆ ಕರೆದು ಕಾಫಿ ಕೊಡುವಾಗ ಪೊಲೀಸರು ಬೇಡ ಎನ್ನುವುದು ಹೇಗೆ?

ಆದೇಶದಲ್ಲಿ ಪೇವರ್ ಕಲ್ಲು ‘ಕಾಲುದಾರಿಗೆ ಅಂಗೀಕೃತ ವಸ್ತುವಲ್ಲ’ ಎಂದಿದೆ. ದಯವಿಟ್ಟು ತಮ್ಮ ಕಚೇರಿಯ ಕಿಟಕಿಯಿಂದ ಒಮ್ಮೆ ಕೆಳಗೆ ನೋಡಿ. ಪುರಭವನದ ಮುಂದಿನ ಇಡೀ ಅಂಗಳ ಪೇವರ್ ಕಲ್ಲಿನದು. ತಾವು ಪ್ರತಿದಿನ ಅದರ ಮೇಲೆ ನಡೆದೇ ಬಾಗಿಲಿಗೆ ಬರುತ್ತೀರಿ. ಟೆಂಡರು ಕರೆದು, ಸಹಿ ಹಾಕಿ, ಫೋಟೋ ತೆಗೆಸಿ ಆ ಕೆಲಸವನ್ನು ನನಗೇ ಕೊಟ್ಟದ್ದು ತಮ್ಮ ಇಲಾಖೆ. ಧ್ವಜಸ್ತಂಭದ ಬಳಿ ಮಳೆ ಬಂದಾಗ ನೀರು ನಿಲ್ಲುತ್ತದಲ್ಲ, ಅದೂ ನನ್ನದೇ ಕೈವಾಡ. ವಾಟ ಕೊಡುವಾಗ ಲೆಕ್ಕ ತಪ್ಪಿತು. ಅನುಮತಿ ಪಡೆದು ಮಾಡಿದಲ್ಲಿ ನೀರು ನಿಲ್ಲುತ್ತದೆ, ಅನುಮತಿಯಿಲ್ಲದೆ ಮಾಡಿದಲ್ಲಿ ನಿಲ್ಲುವುದಿಲ್ಲ. ಇದರಿಂದ ಯಾವ ನೀತಿ ಹೊರಡುತ್ತದೋ ನನಗೆ ತಿಳಿಯದು. ನಾಯಕರು ನಡೆಯುವಲ್ಲಿ ಅಂಗೀಕೃತವಾದ ಕಲ್ಲು ಮುದುಕಿ ನಡೆಯುವಲ್ಲಿ ಏಕೆ ಅಲ್ಲ ಎಂಬುದೂ ತಿಳಿಯದು.

ನನ್ನ ಅಜ್ಜಿ ಬಟಾಣಿ ಸುಲಿಯುತ್ತ ಒಂದು ಕಥೆ ಹೇಳುತ್ತಿದ್ದಳು. ಒಂದೂರಿನ ಸೇತುವೆಯಲ್ಲಿ ಒಂದು ಹಲಗೆ ಕಿತ್ತುಹೋಗಿತ್ತಂತೆ. ಊರ ಹಿರಿಯರು ಸೇರಿ, ‘ಇಲ್ಲಿ ತೂತಿದೆ, ಹುಷಾರು’ ಎಂದು ಕೂಗಲು ಒಬ್ಬ ಕಾವಲುಗಾರನನ್ನು ಇಟ್ಟರು. ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಬಡಗಿ ಇದನ್ನು ನೋಡಿ, ಮಾತಾಡದೆ ಒಂದು ಹಲಗೆ ಬಡಿದು ಹೋದ. ಕಾವಲುಗಾರ ಅಳುತ್ತ ಹಿರಿಯರ ಬಳಿ ಓಡಿದ: ‘ನನ್ನ ತೂತು ಕಳುವಾಯಿತು.’ ಹಿರಿಯರು ವಾರವೆಲ್ಲ ಹುಡುಕಿಸಿ ಬಡಗಿಯನ್ನು ಹಿಡಿತರಿಸಿ ಹಲಗೆ ಕೀಳಿಸಿದರು. ಅಂದು ಸಂಜೆ ಮನೆಗೆ ಹೊರಟ ಕಾವಲುಗಾರ ಹೊಳೆಗೆ ಬಿದ್ದ. ಅಷ್ಟರಲ್ಲಿ ಅವನಿಗೂ ಹಲಗೆಯ ಮೇಲೆ ನಡೆದು ರೂಢಿಯಾಗಿತ್ತು. ಕಥೆ ಮುಗಿದ ಮೇಲೆ ಅಜ್ಜಿ ಬಟಾಣಿಯ ಸಿಪ್ಪೆಯನ್ನು ನಮ್ಮ ತಲೆಯ ಮೇಲೆ ಸುರಿದು ನಗುತ್ತಿದ್ದಳು. ಆಗ ನಾನೂ ನಗುತ್ತಿದ್ದೆ.

ತಮ್ಮ ಕಡೆಗೂ ನ್ಯಾಯವಿಲ್ಲದಿಲ್ಲ. ಪ್ರತಿಯೊಬ್ಬ ತನಗೆ ತೋಚಿದಂತೆ ಕಾಲುದಾರಿ ಕಟ್ಟಿಕೊಂಡರೆ ಊರು ಊರಾಗಿ ಉಳಿಯುವುದಿಲ್ಲ. ನನ್ನ ಎಡಗಡೆಯ ಅಂಚೇ ಅದಕ್ಕೆ ಸಾಕ್ಷಿ. ನಾಳೆ ಅಲ್ಲಿ ಯಾರಾದರೂ ಬಿದ್ದರೆ ಹೊಣೆ ಯಾರು ಎಂದು, ಸ್ಥಳ ನೋಡಲು ಬಂದಾಗ ಇನ್‌ಸ್ಪೆಕ್ಟರ್ ಕೇಳಿದರು. ಒಳ್ಳೆಯ ಪ್ರಶ್ನೆ. ಎರಡು ದಿನ ಯೋಚಿಸಿದೆ. ಆ ಉಬ್ಬು ಅಲ್ಲಿದ್ದಷ್ಟು ಕಾಲ ಅದರ ಪಕ್ಕದಲ್ಲಿ ಯಾರ ಹೆಸರೂ ಇರಲಿಲ್ಲ, ಬಣ್ಣ ಮಾತ್ರ ಇತ್ತು. ಮಿಸೆಸ್ ಟಿಲ್ಮನ್ ಮಣಿಕಟ್ಟು ಹಿಡಿದುಕೊಂಡು ಕುಳಿತಿದ್ದಾಗ ಯಾರಿಗೆ ಫೋನ್ ಮಾಡಬೇಕೆಂದು ಅಲ್ಲಿ ಬರೆದಿರಲಿಲ್ಲ. ಈಗ ಬರೆದಿದೆ. ಪೆದ್ದತನದಿಂದ ನೆಟ್ಟ ಬೋರ್ಡಾದರೂ ಅದರಲ್ಲಿ ನನ್ನ ಹೆಸರಿದೆ, ನಂಬರಿದೆ; ಫೋನ್ ಮಾಡಿದರೆ ಮೊದಲ ಗಂಟೆಗೇ ಎತ್ತಿ ತಪ್ಪೊಪ್ಪಿಕೊಳ್ಳುತ್ತೇನೆಂದು ತಮ್ಮ ಕಚೇರಿಗೇ ಗೊತ್ತು. ಇಂಥ ಹೊಣೆಗಾರ ತಮಗೆ ಬೇರೆಲ್ಲಿ ಸಿಕ್ಕಾನು?

ಕಲ್ಲು ಹಾಸಿದ ಮೊದಲ ಗುರುವಾರದ ಸಂಗತಿ ಹೇಳದೆ ಮುಗಿಸಲಾರೆ. ನಾನು ಗ್ಯಾರೇಜಿನಲ್ಲಿ ತೊಳೆದ ಸಲಿಕೆಯನ್ನೇ ಮತ್ತೆ ತೊಳೆಯುತ್ತ ನಿಂತಿದ್ದೆ. ಮಿಸೆಸ್ ಟಿಲ್ಮನ್ ವಾಕರ್ ತಳ್ಳಿಕೊಂಡು ಬಂದರು. ಹೊಸ ಕಲ್ಲಿನ ಅಂಚಿನಲ್ಲಿ ನಿಂತರು. ವಾಕರಿನ ಒಂದು ಕಾಲಿಟ್ಟು ಒತ್ತಿ ನೋಡಿದರು. ಆಮೇಲೆ ದಾಟಿದರು. ಆಚೆ ಬದಿ ಮುಟ್ಟಿದ ಮೇಲೆ ತಿರುಗಿ, ‘ಇದೇನೋ ಕೊನೇ ಸ್ಟಾಪು, ರಸ್ತೆಗೆ ಕೌದಿ ಹೊಲಿದಿದ್ದೀಯ?’ ಎಂದರು.

ಯಾವ ಕಲ್ಲು ಎಲ್ಲಿಂದ ಬಂತೆಂದು ಹೇಳಿದೆ.

‘ಹಂಗಾ? ಹಾಗಿದ್ರೆ ಫ್ಯೂನರಲ್ ಹೋಮಿನ ಕಲ್ಲಿನ ಮೇಲೆ ಬೇಗ ಬೇಗ ಕಾಲೆತ್ತಬೇಕು. ಐಸ್‌ಕ್ರೀಮಿನ ಮೇಲೆ ನಿಧಾನಕ್ಕೆ’ ಎಂದು ಹೋದರು. ಸ್ವಲ್ಪ ಹೊತ್ತಿನಲ್ಲೇ ಬೀದಿಯ ತುದಿಯಿಂದ ವರ್ಜಿಲ್ ನಗುವುದು ಕೇಳಿಸಿತು. ಅವನಿಗೆ ಅಷ್ಟು ಉಸಿರಿದೆ ಎಂದು ನನಗೆ ಗೊತ್ತಿರಲಿಲ್ಲ. ಅಂದಿನಿಂದ ಒಂದು ಗುರುವಾರವೂ ಆಕೆ ತಪ್ಪಿಸಿಲ್ಲ.

ತಮ್ಮ ಆದೇಶ ಬಂದ ಮೇಲೆ ಅದನ್ನು ಆಕೆಗೆ ತೋರಿಸಿದೆ. ಆಕೆಯೇ ಎಲ್ಲರಿಗಿಂತ ಮೊದಲು ತಿಳಿಯಬೇಕಾದವರು. ಕನ್ನಡಕ ಏರಿಸಿ ಎರಡು ಸಲ ಓದಿದರು.

‘ಮೂಲ ಸ್ಥಿತಿ ಅಂದ್ರೆ ಯಾವ್ದಂತೆ?’ ಎಂದರು. ‘ಈ ಉಬ್ಬು ಮೂಲದಲ್ಲಿ ಇರಲಿಲ್ಲ ಕಣೋ. ಆ ಮರ ಇನ್ನೂ ಬೆರಳು ಗಾತ್ರ ಇದ್ದಾಗ್ಲಿಂದ ನಾನು ಇಲ್ಲಿ ಓಡಾಡ್ತಿದ್ದೀನಿ. ಮೂಲದಲ್ಲಿ ಫುಟ್‌ಪಾತು ಮಟ್ಟವಾಗಿತ್ತು, ನಾನು ಅದರ ಮೇಲೆ ನಡೀತಿದ್ದೆ. ನೀನು ಅದನ್ನೇ ಮಾಡಿಕೊಟ್ಟಿದ್ದೀಯಲ್ಲ. ಇನ್ನೇನು ಮಾಡಬೇಕಂತೆ?’

ಮಾನ್ಯರೇ, ಇದು ತಮ್ಮ ಇಲಾಖೆಯೇ ಉತ್ತರಿಸಬೇಕಾದ ಪ್ರಶ್ನೆ. ಅದಕ್ಕೇ ತಮ್ಮನ್ನು ಕೇಳುತ್ತಿದ್ದೇನೆ. ಮಟ್ಟವಾದ ದಾರಿ, ಅದರ ಮೇಲೆ ನಡೆಯುವ ಮಿಸೆಸ್ ಟಿಲ್ಮನ್: ಇದು ಮೂಲ ಸ್ಥಿತಿಯಾದರೆ ತಮ್ಮ ಆದೇಶವನ್ನು ಅದು ಬರುವುದಕ್ಕೂ ಮುಂಚೆಯೇ ನಾನು ಪಾಲಿಸಿದ್ದೇನೆ. ದಯವಿಟ್ಟು ಬಂದು ನೋಡಿ, ಒಪ್ಪಿಗೆಯ ಸಹಿ ಹಾಕಿ ಕಡತ ಮುಚ್ಚಿ. ವಕ್ರವಾದ ಅಂಚನ್ನು ತಮ್ಮ ಸಮಕ್ಷಮದಲ್ಲೇ ದಾರ ಹಿಡಿದು ನೇರ ಮಾಡಿಕೊಡುತ್ತೇನೆ. ಧ್ವಜಸ್ತಂಭದ ಬಳಿಯ ನೀರಿಗೂ ಅದೇ ವಾರ ದಾರಿ ತೋರಿಸುತ್ತೇನೆ.

ಹಾಗಲ್ಲ, ಉಬ್ಬೇ ಮೂಲ, ಅದನ್ನೇ ಮರಳಿಸಬೇಕು ಎಂದಾದರೆ ನನ್ನ ಬೇಡಿಕೆ ಒಂದೇ. ಉಬ್ಬು ಮರಳಿದ ದಿನ ಅರ್ಡೆಲ್‌ಳ ಮನೆಯ ನಾಲ್ಕನೆಯ ಕುರ್ಚಿ ಮತ್ತೆ ಖಾಲಿಯಾಗುತ್ತದೆ. ಅದರಲ್ಲಿ ನಾನು ಕೂರುವುದಿಲ್ಲ. ನನ್ನ ಹೆಂಡತಿಯ ಎಕ್ಕಗಳನ್ನು ಹೊಡೆದು ಸಾಕಾಗಿದೆ. ಆ ಕುರ್ಚಿಯಲ್ಲಿ ಪ್ರತಿ ಗುರುವಾರ ಮಧ್ಯಾಹ್ನ ಖುದ್ದು ತಾವು ಬಂದು ಕೂರತಕ್ಕದ್ದು. ಬರುವಾಗ ಕಾಲುದಾರಿಯಲ್ಲೇ ನಡೆದು ಬರತಕ್ಕದ್ದು. ಉಬ್ಬಿಗೆ ಮುಂಚಿನ ಮನೆಯ ಜಗಲಿಯಲ್ಲಿ ಕೈಚೀಲ ಹಿಡಿದು ಒಬ್ಬರು ಕುಳಿತಿರುತ್ತಾರೆ. ಅವರು ತಮ್ಮನ್ನು ನೋಡಿ ಮುಖ ತಿರುಗಿಸಿದರೆ, ಆಮೇಲೆ ಒಳಗೆ ಹೋಗಿ ಹೇಗೆ ಇಸ್ಪೀಟಾಡುತ್ತೀರೋ, ಅದನ್ನು ನನಗೂ ಕಲಿಸಿಕೊಡಿ.

ಇಂತಿ,
ಅಪರಾಧದ ಪಕ್ಕದಲ್ಲೇ ಫೋನ್ ನಂಬರು ನೆಟ್ಟವನು,
ಲೈಲ್ ಹಾಸ್ಟೆಟ್ಲರ್,
ಹ್ಯಾಕ್‌ಬೆರಿ ಬೀದಿ, ಬೋರ್ಡಿನ ಹಿಂದಿನ ಮನೆ